ಸ್ವೀಪ್‌ನ ತುದಿ: ಮೊದಲು ಉದ್ದ ಬಿಡಿ, ಆಮೇಲೆ ಕತ್ತರಿಸಿ

ಪೈಪ್ ಫ್ಯಾಬ್ರಿಕೇಶನ್ ಡ್ರಾಯಿಂಗ್ ಮಾಡುವವರಿಗೆ ಸ್ವೀಪ್ ಅನ್ನುವುದು 3ಡಿ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ದಿನಾ ಬೇಕಾಗುವ ಕಮಾಂಡ್. ಒಂದು ವೃತ್ತ (ಪ್ರೊಫೈಲ್), ಒಂದು ಗೆರೆ (ಪಾತ್). ವೃತ್ತ ಆ ಗೆರೆಯುದ್ದಕ್ಕೂ ಸಾಗಿದರೆ ಪೈಪ್ ರೆಡಿ. ತಲೆನೋವು ಇರುವುದು ತುದಿಯಲ್ಲಿ. ಆಕಾರವನ್ನು ನೇರವಾಗಿ ಎಳೆಯುವ ಎಕ್ಸ್‌ಟ್ರೂಡ್‌ಗಾದರೆ 'ಅಪ್ ಟು ಸರ್ಫೇಸ್' ಇದೆ, ಎದುರಿನ ಫೇಸ್ (ಮೇಲ್ಮೈ) ಸಿಗುವವರೆಗೆ ಹೋಗಿ ನಿಲ್ಲುತ್ತದೆ. ಸ್ವೀಪ್ ಮಾಮೂಲಾಗಿ ಪಾತ್ ಮುಗಿದಲ್ಲೇ ನಿಲ್ಲುತ್ತದೆ, ಅದೂ ಪಾತ್‌ಗೆ ಅಡ್ಡವಾಗಿ, ಚಪ್ಪಟೆಯಾಗಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 4 ಇಂಚಿನ ಹೆಡರ್ (ಮುಖ್ಯ ಪೈಪ್), ಹೊರವ್ಯಾಸ 114.3 ಮಿ.ಮೀ. ಅದಕ್ಕೆ ಬೆಂಡ್ ಆಗಿ ಬಂದು ಸೇರುವ 2 ಇಂಚಿನ ಬ್ರಾಂಚ್ (ಕವಲು ಪೈಪ್), ಹೊರವ್ಯಾಸ 60.3. ಬ್ರಾಂಚ್‌ನ ಪಾತ್ ಅನ್ನು ಹೆಡರ್‌ನ ಮೇಲ್ಮೈಗೆ ತಂದು ನಿಲ್ಲಿಸಿದರೆ ನಡುವೆ ಮಾತ್ರ ತಾಗುತ್ತದೆ. ಎರಡು ಪಕ್ಕದಲ್ಲಿ 8.6 ಮಿ.ಮೀ. ಸಂದು ಉಳಿಯುತ್ತದೆ. ಎರಡನ್ನೂ ಮರ್ಜ್ ಮಾಡಲು, ಅಂದರೆ ಒಂದೇ ವಸ್ತು ಮಾಡಲು ಹೋದರೆ ಸಾಲಿಡ್‌ವರ್ಕ್ಸ್ ಸಾಫ್ಟ್‌ವೇರ್ 'ಝೀರೋ ಥಿಕ್‌ನೆಸ್' ಅಂತ ಬೇಡ ಅನ್ನುತ್ತದೆ. ಬರೀ ಒಂದು ಗೆರೆಯಲ್ಲಿ ತಾಗಿಕೊಂಡ ಎರಡು ವಸ್ತುಗಳನ್ನು ಅದು ಒಂದು ಮಾಡುವುದಿಲ್ಲ, ಸರಿಯೇ ಅಲ್ವಾ? ಓರೆ ಪ್ಲೇಟ್‌ಗೆ ಹೋಗಿ ಸೇರುವ ಪೈಪ್ ಆದರೆ ಇನ್ನೂ ಜಾಸ್ತಿ. 45 ಡಿಗ್ರಿ ಓರೆಯಲ್ಲಿ ಇದೇ ಪೈಪ್ ಒಂದು ಕಡೆ 30 ಮಿ.ಮೀ. ಗಿಡ್ಡ, ಇನ್ನೊಂದು ಕಡೆ 30 ಮಿ.ಮೀ. ಒಳಕ್ಕೆ ಚುಚ್ಚಿಕೊಂಡಿರುತ್ತದೆ.

ಕೆಲವರು ಪ್ರೊಫೈಲ್‌ನ ಪ್ಲೇನ್ ಅನ್ನೇ ಓರೆ ಮಾಡಿ ತುದಿ ಸರಿಪಡಿಸುತ್ತಾರೆ. ಅದು ಬೇಡ. ಪಾತ್ ಜೊತೆ ಪ್ರೊಫೈಲ್‌ಗೆ ಶುರುವಿನಲ್ಲಿ ಯಾವ ಕೋನ ಇತ್ತೋ, ಉದ್ದಕ್ಕೂ ಅದೇ ಕೋನ ಉಳಿಯುತ್ತದೆ. ಅಂದರೆ ಒಂದು ತುದಿಗಾಗಿ ಇಡೀ ಪೈಪ್ ಅಪ್ಪಚ್ಚಿ. ಪ್ರೊಫೈಲ್ ಶುರುವಿನ ದಿಕ್ಕಿಗೇ ಮುಖ ಮಾಡಿಕೊಂಡು ಸಾಗುವ 'ಕೀಪ್ ನಾರ್ಮಲ್ ಕಾನ್‌ಸ್ಟಂಟ್' ಆಯ್ಕೆಯೂ ಪೈಪ್‌ಗೆ ಆಗದು. ಬೆಂಡ್ 90 ಡಿಗ್ರಿ ಹತ್ತಿರ ಬರುತ್ತಿದ್ದಂತೆ ಪೈಪ್ ಕಾಗದದಷ್ಟು ತೆಳ್ಳಗಾಗುತ್ತದೆ.

ನಾನು ಪಾತ್‌ನ ಕೊನೆಯನ್ನು ಹೆಡರ್‌ನ ಮೇಲ್ಮೈಗೆ ಕಟ್ಟುವುದೇ ಇಲ್ಲ. ಹೆಡರ್‌ನ ನಡುಗೆರೆಗೆ ಕಟ್ಟುತ್ತೇನೆ. ನಾಳೆ ಹೆಡರ್ 6 ಇಂಚು, ಅಂದರೆ 168.3 ಆದರೂ ಸ್ಕೆಚ್ ಮುರಿಯುವುದಿಲ್ಲ. ಸ್ವೀಪ್ ಮಾಡುವಾಗ 'ಮರ್ಜ್ ರಿಸಲ್ಟ್' ಟಿಕ್ ತೆಗೆದು ಬ್ರಾಂಚ್ ಅನ್ನು ಬೇರೆ ಬಾಡಿ (ಪ್ರತ್ಯೇಕ ವಸ್ತು) ಆಗಿಯೇ ಇಡುತ್ತೇನೆ. ಹೆಡರ್‌ನ ಹೊರ ಫೇಸ್‌ಗೆ ಸೊನ್ನೆ ಆಫ್‌ಸೆಟ್ (ಅಂತರ) ಕೊಟ್ಟು ಒಂದು ಸರ್ಫೇಸ್ ನಕಲು ತೆಗೆದು, 'ಕಟ್ ವಿತ್ ಸರ್ಫೇಸ್' ಹಾಕಿ ಒಳಗಿನ ಭಾಗ ಕತ್ತರಿಸುತ್ತೇನೆ. ಕಟ್ ಯಾವ ಬಾಡಿಗೆ ಅಂತ ಹೇಳುವ ಫೀಚರ್ ಸ್ಕೋಪ್‌ನಲ್ಲಿ ಬ್ರಾಂಚ್ ಮಾತ್ರ ಆರಿಸಬೇಕು. ಹೆಡರ್‌ನ ಮೈಗೆ ಸರಿಯಾಗಿ ಕೂರುವ, ಮೀನಿನ ಬಾಯಿಯಂಥ ಫಿಶ್‌ಮೌತ್ ಆಕಾರ ತಾನೇ ಬರುತ್ತದೆ. ವೆಲ್ಡರ್ ರೂಟ್ ಗ್ಯಾಪ್ (ವೆಲ್ಡ್‌ಗಾಗಿ ಬಿಡುವ ಸಂದು) 2 ಮಿ.ಮೀ. ಬೇಕು ಅಂದರೆ ಸೊನ್ನೆ ಬದಲು 2 ಆಫ್‌ಸೆಟ್, ಅಷ್ಟೇ.

ಇಲ್ಲಿ ಫೀಚರ್‌ಗಳ, ಅಂದರೆ ಮಾಡೆಲ್‌ನ ಒಂದೊಂದು ಹೆಜ್ಜೆಯ, ಕ್ರಮ ಮುಖ್ಯ. ಹೆಡರ್‌ಗೆ ತೂತು ಮೊದಲೇ ಹಾಕಿದ್ದರೆ ಸರ್ಫೇಸ್ ನಕಲಿಗೂ ಆ ತೂತು ಬರುತ್ತದೆ, ಆಗ ಕತ್ತರಿಸುವುದು ಯಾವುದರಿಂದ? ಮೊದಲು ಹೆಡರ್, ಆಮೇಲೆ ನಕಲು, ಸ್ವೀಪ್, ಕಟ್. ತೂತು ಕೊನೆಗೆ. ಬ್ರಾಂಚ್ ಹೆಡರ್ ಮೇಲೆ ಕೂರುವ 'ಸೆಟ್ ಆನ್' ಆದರೆ ತೂತು ಬ್ರಾಂಚ್‌ನ ಒಳವ್ಯಾಸದಷ್ಟು. ಶೆಡ್ಯೂಲ್ 40 ದಪ್ಪದ ಪೈಪ್‌ನಲ್ಲಿ ಅದು ಸುಮಾರು 52.5. ಬ್ರಾಂಚ್ ಹೆಡರ್ ಗೋಡೆಯೊಳಕ್ಕೆ ತೂರುವ 'ಸೆಟ್ ಇನ್' ಆದರೆ ತೂತು ಹೊರವ್ಯಾಸದಷ್ಟು, ಬ್ರಾಂಚ್ ಕತ್ತರಿಸುವುದು ಹೆಡರ್‌ನ ಒಳ ಫೇಸ್‌ನಲ್ಲಿ. ಯಾವುದು ಅಂತ ಶುರುವಿಗೇ ಕೇಳಿಕೊಳ್ಳಿ. ಇನ್ನೊಂದು ಮಾತು: ಬೆಂಡ್ ಸೀದಾ ಹೆಡರ್ ಮೇಲೇ ಮುಗಿಯಬಾರದು. ಕಡಿಮೆ ಅಂದರೂ ಪೈಪ್ ವ್ಯಾಸದ ಎರಡರಷ್ಟು ನೇರ ಭಾಗ ಬಿಡುವುದು ನನ್ನ ರೂಢಿ. ಬೆಂಡಿಂಗ್ ಮೆಷಿನ್‌ಗೂ ಹಿಡಿಯಲು ಜಾಗ ಬೇಕಲ್ಲ.

ಫ್ರೀಕ್ಯಾಡ್ ಸಾಫ್ಟ್‌ವೇರ್‌ನ ಸ್ವೀಪ್ ಆದ ಅಡಿಟಿವ್ ಪೈಪ್‌ನಲ್ಲೂ ಇದೇ ದಾರಿ: ಉದ್ದ ಬಿಟ್ಟು, ಒಂದು ವಸ್ತುವಿನಿಂದ ಇನ್ನೊಂದನ್ನು ತೆಗೆಯುವ ಬೂಲಿಯನ್‌ನಲ್ಲಿ ಕಳೆಯುವುದು. ಫ್ಯೂಷನ್ ಸಾಫ್ಟ್‌ವೇರ್‌ನಲ್ಲಿ ಸ್ವೀಪ್ ಎಷ್ಟು ದೂರ ಹೋಗಬೇಕು ಅನ್ನುವುದಕ್ಕೆ 0 ಯಿಂದ 1 ರವರೆಗಿನ ಅನುಪಾತ ಕೊಡಬಹುದು. ನೋಡಲು ಚೆನ್ನಾಗಿದೆ, ಆದರೆ ಅದು ಅಳತೆ ಅಲ್ಲ. ಉದಾಹರಣೆಗೆ, ಒಂದು ಹ್ಯಾಂಡಲ್‌ನ ಪಾತ್ 480 ಮಿ.ಮೀ. ಇದ್ದಾಗ ಅದೇ ಪಾತ್ ಮೇಲಿನ ರಬ್ಬರ್ ಗ್ರಿಪ್‌ಗೆ 0.25 ಕೊಟ್ಟರೆ ಗ್ರಿಪ್ 120 ಬರುತ್ತದೆ. ಹ್ಯಾಂಡಲ್ 600 ಆದ ದಿನ ಗ್ರಿಪ್ ಸದ್ದಿಲ್ಲದೆ 150 ಆಗಿರುತ್ತದೆ. 120 ಕ್ಕೇ ನಿಲ್ಲಬೇಕು ಅಂದರೆ ಸ್ಕೆಚ್‌ನಲ್ಲೇ ಪಾತ್ ಅನ್ನು ಆ ಬಿಂದುವಿನಲ್ಲಿ ತುಂಡು ಮಾಡಿ ಡೈಮೆನ್ಷನ್ ಕೊಡಿ.

ಸ್ಕ್ರೂ ಥ್ರೆಡ್‌ನ ಕತೆ ಸ್ವಲ್ಪ ಬೇರೆ. ಶಾಫ್ಟ್‌ನ ತುದಿಯಲ್ಲೇ ಹೆಲಿಕ್ಸ್ (ಸುರುಳಿ ಗೆರೆ) ಶುರು ಮಾಡಿದರೆ ಮೊದಲ ಸುತ್ತು ಅರ್ಧಂಬರ್ಧ ಕತ್ತರಿಸುತ್ತದೆ. ಒಂದು ಪಿಚ್ (ಎರಡು ಸುತ್ತುಗಳ ನಡುವಿನ ದೂರ) ಹೊರಗಿನಿಂದ ಶುರು ಮಾಡಿದರೆ ಆ ಗೋಳೇ ಇಲ್ಲ. ಸಾಲಿಡ್‌ವರ್ಕ್ಸ್‌ನ 'ಅಲೈನ್ ವಿತ್ ಎಂಡ್ ಫೇಸಸ್' ಇಂಥ ಜಾಗದಲ್ಲಿ ಸ್ವೀಪ್ ಅನ್ನು ಫೇಸ್‌ವರೆಗೆ ಎಳೆದು ಮುಗಿಸುತ್ತದೆ. ಬೆಂಡ್ ಪೈಪ್‌ಗೆ ನಾನು ಅದನ್ನು ನಂಬುವುದಿಲ್ಲ, ಹೆಲಿಕ್ಸ್‌ಗೆ ಹಾಕಿ ನೋಡಬಹುದು. ಥ್ರೆಡ್‌ನ ಇನ್ನೊಂದು ತುದಿ ಶಾಫ್ಟ್‌ನ ನಡುವೆ ಗೋಡೆ ಕಟ್ಟಿದಂತೆ ನಿಲ್ಲುತ್ತದೆ. ಲೇಥ್‌ನಲ್ಲಿ ಟೂಲ್ ಮೆಲ್ಲಗೆ ಹೊರಕ್ಕೆ ಬರುವುದರಿಂದ ಅಲ್ಲಿ ಹಾಗೆ ಆಗುವುದಿಲ್ಲ. ಅದಕ್ಕೆ ಹೆಲಿಕ್ಸ್ ಮುಗಿದಲ್ಲಿ, ಅದಕ್ಕೆ ಟ್ಯಾಂಜೆಂಟ್ ಆಗಿ ಹೊರಕ್ಕೆ ಹೋಗುವ ಒಂದು ಆರ್ಕ್ ಸೇರಿಸಿ, ಎರಡನ್ನೂ ಕಾಂಪೋಸಿಟ್ ಕರ್ವ್ (ಒಂದೇ ಗೆರೆ) ಮಾಡಿ ಪಾತ್ ಆಗಿ ಕೊಡಿ. 3ಡಿ ಪ್ರಿಂಟ್ ಮಾಡುವ ಭಾಗಕ್ಕೆ ಮಾತ್ರ ಇಷ್ಟೆಲ್ಲ. ಬರೀ ಡ್ರಾಯಿಂಗ್ ಕೊಡುವುದಾದರೆ ಕಾಸ್ಮೆಟಿಕ್ ಥ್ರೆಡ್ (ಬರೀ ಗುರುತಿನ ಥ್ರೆಡ್) ಸಾಕು, ಸುಮ್ನೆ ಫೈಲ್ ಭಾರ ಮಾಡಿಕೊಳ್ಳಬೇಡಿ.