ಸಿವಿಲ್ ಜಡ್ಜ್ ವೈವಾಗೆ ನಾನು ತಯಾರಾದ ರೀತಿ

ಮೊದಲ ಸಲ ಮೇನ್ಸ್‌ನಲ್ಲಿ, ಅಂದರೆ ಲಿಖಿತ ಪರೀಕ್ಷೆಯಲ್ಲಿ, ಒಳ್ಳೆ ಅಂಕ ಇತ್ತು, ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಮುಗ್ಗರಿಸಿದೆ. 100ಕ್ಕೆ 35ರ ಆಸುಪಾಸು ಬಂದಿತ್ತು. ರೆಸ್ ಜುಡಿಕೇಟಾ (ಒಮ್ಮೆ ತೀರ್ಮಾನವಾದ ವಿಷಯಕ್ಕೆ ಅದೇ ಪಕ್ಷಗಾರರು ಮತ್ತೆ ಕೇಸು ನಡೆಸುವಂತಿಲ್ಲ ಅನ್ನೋ ನಿಯಮ) ಅಂದರೇನು ಅಂತ ಕೇಳಿದರು. "ಸೆಕ್ಷನ್ 11" ಅಂದೆ, ಅಲ್ಲಿಗೆ ಗಂಟಲು ಒಣಗಿತು. ಬರೆಯಲು ಕೊಟ್ಟಿದ್ದರೆ ಎರಡು ಪುಟ ತುಂಬಿಸುತ್ತಿದ್ದೆ.

ಆಮೇಲೆ ಬೆಂಗಳೂರಿನ ಒಂದು ಕೋಚಿಂಗ್‌ಗೆ 18 ಸಾವಿರ ಕಟ್ಟಿದೆ. ಪಿಜಿ, ಬಸ್ಸು, ಊಟ ಸೇರಿ 30 ದಾಟಿತು. ಎರಡು ಮಾಕ್ ವೈವಾ ಮಾಡಿಸಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿ ಅಂತ ಹೇಳಿಕೊಟ್ಟರು. ಅಷ್ಟೇ. ಜೂನಿಯರ್ ವಕೀಲನ ಕೈಗೆ ತಿಂಗಳಿಗೆ ಎಷ್ಟು ಬರುತ್ತೆ ಅಂತ ನಿಮಗೆ ಗೊತ್ತಲ್ವಾ.

ಎರಡನೇ ಸಲ ಹಾಸನದಲ್ಲೇ ಉಳಿದೆ. ಕೊನೆಯ 40 ದಿನ ಹೊಸದೇನೂ ಓದಲಿಲ್ಲ, ಸಂಜೆ ಕೋರ್ಟಿನಿಂದ ಬಂದು ಅಡುಗೆಮನೆಯಲ್ಲಿ ಕೂತು ಅಮ್ಮನಿಗೆ ದಿನಕ್ಕೆ ನಾಲ್ಕು ವಿಷಯ ಹೇಳುತ್ತಿದ್ದೆ. ಅಮ್ಮ ಏಳನೇ ಕ್ಲಾಸು. "ನಿಮ್ಮಮ್ಮ ಏನು ಹೈಕೋರ್ಟ್ ಜಡ್ಜಾ?" ಅಂತ ಬಾರ್ ರೂಮಿನಲ್ಲಿ ನಕ್ಕರು. ಆದರೆ ಆರ್ಡರ್ 39, ಅಂದರೆ ಕೇಸು ಮುಗಿಯುವ ತನಕದ ತಾತ್ಕಾಲಿಕ ತಡೆಯಾಜ್ಞೆ, ಹೇಳುವಾಗ ಅಮ್ಮ ಕೇಳಿದ್ದು ನೋಡಿ: "ಪಕ್ಕದವನು ನಮ್ಮ ತೋಟದೊಳಗೆ ಬೇಲಿ ಹಾಕಿ ಮುಗಿಸಿಬಿಟ್ಟಿದ್ದರೆ?" ತಡೆಯಾಜ್ಞೆ ಕೊಡಲು ನೋಡುವ ಮೇಲ್ನೋಟದ ಕೇಸು, ಅನುಕೂಲದ ತೂಕ, ತುಂಬಲಾಗದ ನಷ್ಟ, ಮೂರೂ ಬಾಯಿಪಾಠ ಇತ್ತು, ಆದರೂ ಸಿಕ್ಕಿಬಿದ್ದೆ. ರಾತ್ರಿ ಸ್ಪೆಸಿಫಿಕ್ ರಿಲೀಫ್ ಆಕ್ಟ್ ತೆಗೆದು ಮ್ಯಾಂಡೇಟರಿ ಇಂಜಂಕ್ಷನ್, ಅಂದರೆ ಹಾಕಿದ್ದನ್ನು ತೆಗೆಸುವಂಥ ಆದೇಶ, ನೋಡಿದೆ. ಅದೂ ಸೆಕ್ಷನ್ 39, ಮರೆಯುವ ಹಾಗೇ ಇಲ್ಲ. ಅಮ್ಮನಿಗೆ ಹೇಳಿ ಹೇಳಿ ಒಂದು ಅಭ್ಯಾಸ ಬಂತು. ಮೊದಲು ಅರ್ಥ, ಆಮೇಲೆ ಉದಾಹರಣೆ, ಸೆಕ್ಷನ್ ನಂಬರ್ ಕೊನೆಗೆ. ಗೊತ್ತಿಲ್ಲದ್ದಕ್ಕೆ ತಡಮಾಡದೆ "ಗೊತ್ತಿಲ್ಲ ಸಾರ್".

ತಲೆನೋವಾಗಿದ್ದು ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ 2024ರ ಜುಲೈ 1ರಿಂದ ಬಂದ ಹೊಸ ಕಾನೂನುಗಳು. ಕೊಲೆ ಅಂದ ಕೂಡಲೇ ಬಾಯಿಗೆ ಸೆಕ್ಷನ್ 302 ಬರುತ್ತಿತ್ತು, ಈಗ ಅದು 103. ಜೀವನಾಂಶದ 125 ಈಗ 144, ಎಲೆಕ್ಟ್ರಾನಿಕ್ ಸಾಕ್ಷ್ಯದ 65ಬಿ ಈಗ 63. ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಕೇಳಿದೆ, ನಿದ್ದೆ ಬಂತು, ನಾಲ್ಕೇ ದಿನಕ್ಕೆ ಬಿಟ್ಟೆ. ಮಹಾರಾಜ ಪಾರ್ಕಿನಲ್ಲಿ ಜೋರಾಗಿ ಹೇಳಿಕೊಂಡು ನಡೆದರೆ ವಾಕಿಂಗ್‌ನವರು ದೂರ ಸರಿಯುತ್ತಿದ್ದರು. ಕೊನೆಗೆ ಕಾಫಿಪುಡಿ ಡಬ್ಬಿಗೆ ಹಳೇ ನಂಬರ್, ಸಕ್ಕರೆ ಡಬ್ಬಿಗೆ ಹೊಸ ನಂಬರ್ ಅಂಟಿಸಿದೆ. ಅದು ತಲೆಗೆ ಹತ್ತಿತು.

ಒಳಗೆ ಕರೆಯುವ ಮುಂಚಿನ ಹತ್ತು ನಿಮಿಷ ಏನು ಮಾಡಿದೆ ಅಂತ ಮಾತ್ರ ಹೇಳಲ್ಲ. ತಂಗಿ ಮುಂದಿನ ಸಲ ಬರೆಯುತ್ತಿದ್ದಾಳೆ.

ಈ ಸಲ 70ರ ಹತ್ತಿರ ಬಂತು, ಲಿಸ್ಟಿನಲ್ಲಿ ಹೆಸರೂ ಬಂತು. ನಕ್ಕವರಲ್ಲಿ ಇಬ್ಬರು ಈಗ ನಮ್ಮನೆ ಅಡುಗೆಮನೆಗೆ ಬರುತ್ತಾರೆ. ವೈವಾ ಮುಗಿಸಿ ಫೋನ್ ಮಾಡಿದಾಗ ಅಮ್ಮ ಮೊದಲು ಕೇಳಿದ್ದು, "ಬೇಲಿದು ಕೇಳಿದ್ರಾ?" ಅಂತ. ಕೇಳಿರಲಿಲ್ಲ.