ಓರೆ ಹೋಳು, ನೇರ ಹೋಳು

ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ನಮ್ಮ ರೇಡಿಯಾಲಜಿ ವಿಭಾಗದಲ್ಲಿ ಕನ್ನಡದವರು ಇಬ್ಬರೇ: ವಿಜಯಪುರದ ನಾನು, ನನಗಿಂತ ಹಿರಿಯರಾದ ಧಾರವಾಡದ ಸರ್. ರಿಪೋರ್ಟು ಇಂಗ್ಲಿಷಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ.

ಒಂದು ರಾತ್ರಿ ನಾನು 'ಅಪೆಂಡಿಸೈಟಿಸ್ ಇರಬಹುದು', ಅಂದರೆ ದೊಡ್ಡ ಕರುಳಿಗೆ ಅಂಟಿದ ಅಪೆಂಡಿಕ್ಸ್ ಎಂಬ ಸಣ್ಣ ಕೊಳವೆಗೆ ಉರಿಯೂತ ಇರಬಹುದು, ಎಂದು ಬರೆದಿದ್ದ ಸಿಟಿ ಸ್ಕ್ಯಾನನ್ನೇ ಬೆಳಿಗ್ಗೆ ಸರ್ ನೋಡಿ 'ನಾರ್ಮಲ್' ಎಂದರು. ಸರ್ಜನ್ ಫೋನ್ ಮಾಡಿ ಇಬ್ಬರಿಗೂ ಬೈದರು. ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸರಿ, ನಾವಿಬ್ಬರೂ ಎಷ್ಟು ಸಲ ಒಪ್ಪುತ್ತೇವೆ ನೋಡೇಬಿಡೋಣ ಅಂತ ಅನುಮತಿ ಪಡೆದು ಹಳೆಯ 60 ಸಿಟಿ ತೆಗೆದೆ. ಹೆಸರು, ಹಳೆ ರಿಪೋರ್ಟು ಎಲ್ಲ ಮುಚ್ಚಿ, ಕಲಸಿ, ಬೇರೆ ಬೇರೆ ಕೂತು ಓದಿದೆವು. ಉತ್ತರ 'ಇದೆ' ಅಥವಾ 'ಇಲ್ಲ'. 'ಇರಬಹುದು' ಅನ್ನುವಂತಿಲ್ಲ. ನಮ್ಮ ರೇಡಿಯಾಲಜಿಯವರು ತಪ್ಪಿಸಿಕೊಳ್ಳುವ ಹಿತ್ತಲ ಬಾಗಿಲೇ ಅದು, ಅಲ್ವಾ?

22ಕ್ಕೆ ಇಬ್ಬರೂ 'ಇದೆ' ಅಂದೆವು, 29ಕ್ಕೆ 'ಇಲ್ಲ'. ಅಂದರೆ ನೂರಕ್ಕೆ 85 ಒಪ್ಪಿಗೆ. ಖುಷಿಯಾಯಿತು. ಆದರೆ ಕಣ್ಣು ಮುಚ್ಚಿ ಹೇಳಿದ್ದರೂ ಸುಮಾರು ಅರ್ಧದಷ್ಟು ಸುಮ್ನೆ ಹೊಂದುತ್ತಿದ್ದವು. ಆ ಅದೃಷ್ಟದ ಪಾಲನ್ನು ಕಳೆಯುವ ಲೆಕ್ಕವೇ ಕಪ್ಪಾ, ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟದ್ದು. ನಮಗೆ ಬಂದದ್ದು 0.70. ಲ್ಯಾಂಡಿಸ್ ಮತ್ತು ಕಾಕ್ 1977ರಲ್ಲಿ ಹಾಕಿದ ಪಟ್ಟಿಯಲ್ಲಿ 0.61ರಿಂದ 0.80 ಒಳ್ಳೆಯ ಒಪ್ಪಿಗೆಯೇ. ಆ ಗೆರೆಗಳನ್ನು ತಮಗೆ ತೋಚಿದಂತೆ ಎಳೆದದ್ದು ಎಂದು ಅವರೇ ಬರೆದಿದ್ದಾರೆ, ಅದನ್ನು ಯಾರೂ ಓದುವುದಿಲ್ಲ.

ಉಳಿದ ಒಂಬತ್ತನ್ನು ಚಹಾ ಇಟ್ಟುಕೊಂಡು ಒಟ್ಟಿಗೆ ನೋಡಿದೆವು. ಹೆಚ್ಚಿನವುಗಳಲ್ಲಿ ಅಪೆಂಡಿಕ್ಸ್ 6ರಿಂದ 8 ಮಿಲಿಮೀಟರ್ ದಪ್ಪ. 6 ದಾಟಿದರೆ ಅನುಮಾನ ಎಂದು ನಾವೆಲ್ಲ ಕಲಿತದ್ದು. ಆದರೆ ಸಿಟಿಯಲ್ಲಿ ಚೆನ್ನಾಗಿರುವ ಅಪೆಂಡಿಕ್ಸ್ ಕೂಡ ಎಷ್ಟೋ ಸಲ 6 ದಾಟುತ್ತದೆ. ಸರ್ ಅಳತೆಗಿಂತ ಜಾಸ್ತಿ ನಂಬುವುದು ಸುತ್ತಲಿನ ಕೊಬ್ಬನ್ನು. ಉರಿಯೂತ ಇದ್ದರೆ ಅದು ಮಸುಕಾಗುತ್ತದೆ. ತೀರ ತೆಳ್ಳಗಿನವರಲ್ಲಿ ಕೊಬ್ಬೇ ಇರುವುದಿಲ್ಲ, ಅಲ್ಲಿ ಇಬ್ಬರೂ ತಡಕಾಡಿದ್ದೆವು.

ಒಂದೇ ಅಪೆಂಡಿಕ್ಸ್, ನನಗೆ 7.8, ಅವರಿಗೆ 6.1! ಕರ್ಸರ್ ಮತ್ತೆ ಇಟ್ಟು ನೋಡಿದೆ. ಕೊಳವೆ ಬಾಗಿದ ಜಾಗ, ಅಡ್ಡ ಸ್ಲೈಸು ಅದನ್ನು ಓರೆಯಾಗಿ ಕತ್ತರಿಸಿತ್ತು. ಸರ್ ಚಿತ್ರವನ್ನು ತಿರುಗಿಸಿ ಕೊಳವೆಗೆ ನೇರವಾಗಿ ಅಳೆದಿದ್ದರು.

"ಸರ್, ನಾನು ಸೌತೆಕಾಯಿ ಓರೆಯಾಗಿ ಹೆಚ್ಚಿದ್ದೀನಿ."

"ಅದಕ್ಕs ನಿಮ್ಮ ಹೋಳು ದೊಡ್ಡದು ನೋಡ್ರಿ."

ಅವತ್ತಿನಿಂದ ಇಬ್ಬರೂ ತಿರುಗಿಸಿಯೇ ಅಳೆಯುತ್ತೇವೆ, ಹೊರಗೋಡೆಯಿಂದ ಹೊರಗೋಡೆಗೆ.

ಆಪರೇಷನ್ ಆದವರ ಪೆಥಾಲಜಿ ರಿಪೋರ್ಟು, ಅಂದರೆ ತೆಗೆದ ಅಪೆಂಡಿಕ್ಸನ್ನು ಪರೀಕ್ಷಿಸಿ ಬರೆದದ್ದು, ತರಿಸಿದಾಗ ಮಾತ್ರ ನಿಜವಾಗಿ ಬೆವರಿದೆ. ನಾವಿಬ್ಬರೂ 'ಇಲ್ಲ' ಅಂದಿದ್ದ 29ರಲ್ಲಿ ಒಂದಕ್ಕೆ ಅಪೆಂಡಿಸೈಟಿಸ್ ಇತ್ತು. ಬಾವು ತುದಿಯಲ್ಲಿ ಮಾತ್ರ. ತುದಿ ಕೆಳಗೆ ಕಿಬ್ಬೊಟ್ಟೆಯೊಳಗೆ ಇಳಿದಿತ್ತು. ಇಬ್ಬರೂ ಬುಡ ನೋಡಿ, ಚೆನ್ನಾಗಿದೆ ಅಂತ ನಿಲ್ಲಿಸಿದ್ದೆವು. ಕಪ್ಪಾ ಲೆಕ್ಕದಲ್ಲಿ ಅದೂ ನಮ್ಮ ಒಪ್ಪಿಗೆಯ ಖಾತೆಗೇ ಜಮಾ!

ಈಗ ಬುಡ, ತುದಿ ಎರಡರ ಅಳತೆಯನ್ನೂ ಬರೆಯುತ್ತೇವೆ. ತುದಿ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯುತ್ತೇವೆ. ಆ ಸರ್ಜನ್ ಈಗಲೂ ಫೋನ್ ಮಾಡುತ್ತಾರೆ. ಮೊದಲು ಕೇಳುವುದು ತುದಿ ಕಂಡಿತಾ ಅಂತ.