ಹುಣಸೆಬೀಜ ಹಾಕಿ ಸಿನಿಮಾ ಭವಿಷ್ಯ ಹೇಳುವುದು

ಸಿನಿಮಾ ಓಡುತ್ತೋ ಮಲಗುತ್ತೋ ಅಂತ ಮೊದಲ ಶೋನಲ್ಲೇ ಹೇಳಬಹುದು ಎಂದಾಗ ಗೆಳೆಯರು ‘ಗಿಳಿಶಾಸ್ತ್ರ ಶುರುವಾಯ್ತು’ ಅಂದರು. ಸುಮಾರು 40 ಸಿನಿಮಾ ಆಗಿದೆ, 31ರಲ್ಲಿ ಲೆಕ್ಕ ಸರಿಹೋಗಿದೆ. ಈಗ ಅವರದೇ ಶುಕ್ರವಾರದ ಮೆಸೇಜು: ‘ಎಷ್ಟು ಬಂತು?’

ಬರೋದು ಮೊಬೈಲ್ ಲೆಕ್ಕ. ಹಿಂದಿನಿಂದ ಮೂರನೇ ಸಾಲಲ್ಲಿ ಕೂತು, ಮುಂದೆ ಕಾಣುವ ನೂರು ತಲೆಗಳಲ್ಲಿ ಎಷ್ಟು ಮೊಬೈಲ್ ಹೊತ್ತಿಕೊಂಡಿವೆ ಅಂತ ಒಂದು ನಿಮಿಷ ಎಣಿಸಬೇಕು. ಸೆನ್ಸಾರ್ ಸರ್ಟಿಫಿಕೇಟ್ ಬಂದಾಗ ಗಡಿಯಾರ ನೋಡಿಕೊಂಡು, 30ನೇ ನಿಮಿಷ, 50ನೇ ನಿಮಿಷ, ಇಂಟರ್‌ವಲ್ ಮುಗಿದು 20 ನಿಮಿಷಕ್ಕೆ ಒಂದೊಂದು ಸಲ. ಐದರೊಳಗಿದ್ದರೆ ಸಿನಿಮಾ ಗಟ್ಟಿ. ಹತ್ತು ಹನ್ನೆರಡು ಬಂದರೆ ಶನಿವಾರ ಭಾನುವಾರ ಫ್ಯಾಮಿಲಿಯವರು ಕೈಹಿಡಿಯಬೇಕು. 20 ದಾಟಿತೋ, ಸೋಮವಾರದಿಂದ ಥಿಯೇಟರಲ್ಲಿ ಫ್ಯಾನುಗಳು ಮಾತ್ರ, ಮೇಲೆ ತಿರುಗೋವು. ಹಾಡು ಬರುವಾಗ ಎಣಿಸಬೇಡಿ. ಹಿಮದಲ್ಲಿ ಹೀರೋಗೆ ಕೋಟು, ಹೀರೋಯಿನ್‌ಗೆ ತೆಳ್ಳನೆ ಸೀರೆ ಕೊಟ್ಟ ಹಾಡಿಗಂತೂ ಇಡೀ ಬಾಲ್ಕನಿ ದೀಪಾವಳಿ.

ಇದಕ್ಕೂ ಮುಂಚೆ ಶಿಳ್ಳೆ ಎಣಿಸುತ್ತಿದ್ದೆ. 14 ಸಿನಿಮಾ ದಂಡ. ಟಿಕೆಟ್ಟು, ಪಾರ್ಕಿಂಗು, ಪಾಪ್‌ಕಾರ್ನು ಸೇರಿ ಎಂಟೊಂಬತ್ತು ಸಾವಿರ ಹೋಯ್ತು. ಗಾಂಧಿ ಕ್ಲಾಸಿನವರು ಹೀರೋ ಚಪ್ಪಲಿ ಕಂಡರೂ ಶಿಳ್ಳೆ ಹಾಕುತ್ತಾರೆ, ಅದರಿಂದ ಏನೂ ತಿಳಿಯಲ್ಲ. ಆಮೇಲೆ ಟಾಯ್ಲೆಟ್ ಸಾಲಲ್ಲಿ ಅಭಿಪ್ರಾಯ ಕೇಳಿದ್ದೂ ಆಯ್ತು. ‘ಒಂದ್ಸಲ ನೋಡಬಹುದು’ ಅಂದವರೆಲ್ಲ ದುಡ್ಡು ಕಳಕೊಂಡವರೇ, ಇನ್ನೊಬ್ಬರೂ ಕಳಕೊಳ್ಳಲಿ ಅನ್ನೋ ಆಸೆ.

ಎಣಿಕೆಗೆ ಮೊಬೈಲ್ ತೆಗೆಯಬಾರದು. ನಿಮ್ಮದು ಹೊತ್ತಿದರೆ ಪಕ್ಕದವನದೂ ಹೊತ್ತುತ್ತೆ, ಲೆಕ್ಕ ಕೆಡುತ್ತೆ. ಕತ್ತಲಲ್ಲಿ ಹೊಳೆಯುವ ಮುಳ್ಳಿನ ಕೈಗಡಿಯಾರ ಸಾಕು. ಪುಸ್ತಕದಲ್ಲಿ ಗೆರೆ ಎಳೆದರೆ ಒಂದರ ಮೇಲೊಂದು ಬಿದ್ದು ಓದಲಾಗಲ್ಲ. ಕಡಲೆಬೀಜ ಎಡಜೇಬಿನಿಂದ ಬಲಜೇಬಿಗೆ ಹಾಕಿ ನೋಡಿದೆ, ಫೈಟ್ ಚೆನ್ನಾಗಿದ್ದಾಗ ಅಂಕಿಸಂಖ್ಯೆ ಹೊಟ್ಟೆಗೆ ಹೋಯ್ತು. ಹುಣಸೆಬೀಜವೇ ಸರಿ.

ಎರಡು ಕಡೆ ಎಡವುತ್ತಾರೆ. ಮೊದಲ ದಿನ ಹೀರೋ ಎಂಟ್ರಿಗೆ ಎಲ್ಲರೂ ಮೊಬೈಲ್ ಎತ್ತುತ್ತಾರೆ. ಮುಖದ ಎತ್ತರಕ್ಕೆ ಹಿಡಿದರೆ ಭಕ್ತಿ, ತೊಡೆ ಮೇಲಿಟ್ಟರೆ ಬೇಸರ. ಬೇಸರದ್ದು ಮಾತ್ರ ಎಣಿಸಿ. ಇನ್ನೊಂದು, ಇಂಟರ್‌ವಲ್ ಆದ ತಕ್ಷಣದ ಲೆಕ್ಕ. ಸಿಗರೇಟು ಸೇದುವ ಸಿನಿಮಾ ಆದರೆ ಶುರುವಿನಲ್ಲೂ ನಡುವೆಯೂ 30 ಸೆಕೆಂಡಿನ ತಂಬಾಕು ಎಚ್ಚರಿಕೆ ಹಾಕಲೇಬೇಕು. ಅದು ಮುಗಿದರೂ ಜನ ಫೋನ್ ಒಳಗಿಡಲ್ಲ. ಐದನೇ ನಿಮಿಷಕ್ಕೇ ಎಣಿಸಿ ಮೂರು ಒಳ್ಳೇ ಸಿನಿಮಾಗಳನ್ನ ಡಬ್ಬಾ ಅಂದುಬಿಟ್ಟೆ. ಬಾಜಿ ಸೋತ ಮಸಾಲೆದೋಸೆ ಬಿಲ್ಲು ಸಾವಿರದ ನೂರರ ಹತ್ತಿರ.

ನಡುವೆ ಸ್ಲೋ ಮೋಷನ್ನಿಗೂ ಗಡಿಯಾರ ಹಿಡಿದೆ. ಸೆಕೆಂಡಿಗೆ 96 ಫ್ರೇಮು ಹಿಡಿದು 24ರಲ್ಲಿ ಓಡಿಸಿದರೆ ಕಾಲ ನಾಲ್ಕು ಪಟ್ಟು ಹಿಗ್ಗುತ್ತೆ. ಕಾರಿಳಿದು ವಿಲನ್ ತನಕ 11 ಸೆಕೆಂಡಿನ ನಡಿಗೆ 44 ಸೆಕೆಂಡು. ಒಂದು ಮಾಸ್ ಸಿನಿಮಾದಲ್ಲಿ ಕೂಡಿಸಿದರೆ 18 ನಿಮಿಷ ಬಂತು, ಅಸಲಿ ನಡಿಗೆ ನಾಲ್ಕೂವರೆ. ಆದರೆ ಹಿಟ್ಟಿನಲ್ಲೂ ಅಷ್ಟೇ, ಫ್ಲಾಪಿನಲ್ಲೂ ಅಷ್ಟೇ. ಬಿಟ್ಟೆ.

ಹಳೇ ಸಿನಿಮಾಗಳಿಗೆ ಈ ವಿದ್ಯೆ ನಡೆಯಲ್ಲ. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಥಿಯೇಟರಲ್ಲಿ ಎರಡು ವರ್ಷ ಓಡಿದ್ದು ಜೇಬಲ್ಲಿ ಫೋನೇ ಇಲ್ಲದ ಜನರ ಮುಂದೆ. ಹಾರರ್ ಸಿನಿಮಾಗೆ ಲೆಕ್ಕ ಬೇರೆ, ಹೆದರಿದವರೂ ಫೋನ್ ನೋಡುತ್ತಾರೆ. ಎಷ್ಟು ಕಳೆಯಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಪಾಪ್‌ಕಾರ್ನ್ ಡಬ್ಬ ನೋಡಿ ಹೇಳುವ ಗುರುತೂ ಒಂದಿದೆ, ಬರೆದರೆ ಬಾಜಿಗೆ ಯಾರೂ ಸಿಗಲ್ಲ.

ತಪ್ಪಿದ ಒಂಬತ್ತರಲ್ಲಿ ನಾಲ್ಕು ಫಿಲ್ಮ್ ಫೆಸ್ಟಿವಲ್ಲಿನವು. ಅಲ್ಲಿ ಯಾರೂ ಫೋನ್ ಮುಟ್ಟಲ್ಲ, ಮರ್ಯಾದೆಯಿಂದ ನಿದ್ದೆ ಮಾಡುತ್ತಾರೆ. ಹಾಗಾಗಿ ಅಲ್ಲಿ ವಾಲಿದ ತಲೆ ಎಣಿಸುತ್ತಿದ್ದೇನೆ. ನೂರಕ್ಕೆ 15 ದಾಟಿದರೆ ಪ್ರಶಸ್ತಿ ಬರುತ್ತೆ ಅಂತ ಗುಮಾನಿ.